ಹಸಿ ಮೂಳೆಯೋ, ಬೆಂದ ಮೂಳೆಯೋ? ತಪ್ಪಾಗಿ ಕೇಳಿದ ಒಂದು ಪ್ರಶ್ನೆ

ನಾಯಿ ಸಾಕಿದ ಯಾರನ್ನಾದರೂ ಕೇಳಿ ನೋಡಿ. 'ಬೇಯಿಸಿದ ಮೂಳೆ ಹಾಕಬಾರದು, ಹಸಿ ಮೂಳೆಯಾದರೆ ಏನೂ ತೊಂದರೆಯಿಲ್ಲ' ಎಂಬ ಉತ್ತರ ತಟ್ಟನೆ ಬರುತ್ತದೆ. ಕೇಳಲು ಅಚ್ಚುಕಟ್ಟಾಗಿರುವ, ನೆನಪಿಡಲು ಸುಲಭವಾದ ಸೂತ್ರ ಇದು. ಆದರೆ ಇದರಲ್ಲಿ ಎರಡು ಹೇಳಿಕೆಗಳಿವೆ ಎಂಬುದನ್ನು ಗಮನಿಸಿ. ಬೆಂದ ಮೂಳೆ ಅಪಾಯಕಾರಿ ಎಂಬುದು ಒಂದು. ಹಸಿ ಮೂಳೆ ಸುರಕ್ಷಿತ ಎಂಬುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದು ಮೊದಲನೆಯದರಿಂದ ತಾನಾಗಿ ಹುಟ್ಟುವುದಿಲ್ಲ. ಕೆಸರು ನೀರು ಕುಡಿದರೆ ಕಾಯಿಲೆ ಬರಬಹುದು ಎಂಬುದು ನಿಜವಾದ ಮಾತ್ರಕ್ಕೆ, ತಿಳಿಯಾಗಿ ಕಾಣುವ ನೀರೆಲ್ಲ ಕುಡಿಯಲು ಯೋಗ್ಯ ಎಂದು ಹೇಳಲಾದೀತೆ?

ಈ ಸೂತ್ರವನ್ನು ಇಲ್ಲಿ ವಿಮರ್ಶೆಗೆ ಒಡ್ಡೋಣ. ಒಂದು ಸಲಹೆಯನ್ನು ಒಪ್ಪುವ ಮೊದಲು ಅದರ ಹಿಂದಿನ ಪುರಾವೆ ಎಷ್ಟು ಗಟ್ಟಿ ಎಂದು ತೂಗಿ ನೋಡುವುದು ವಿಜ್ಞಾನ ಕಲಿಸುವವರಿಗೂ ಕಲಿಯುವವರಿಗೂ ಒಳ್ಳೆಯ ಅಭ್ಯಾಸ. ಇಲ್ಲಿ ತೂಕ ತಪ್ಪಿದರೆ ಅದರ ಬೆಲೆ ತೆರುವುದು ಮಾತು ಬಾರದ ಒಂದು ಪ್ರಾಣಿ.

ಸೂತ್ರದ ಹಿಂದಿನ ಪುಸ್ತಕಗಳು

ನಾಯಿಗೆ ಮೂಳೆ ಹಾಕುವುದು ಹಳೆಯ ರೂಢಿ. ಅದಕ್ಕೆ ಸಿದ್ಧಾಂತದ ರೂಪ ಕೊಟ್ಟವರಲ್ಲಿ ಆಸ್ಟ್ರೇಲಿಯದ ಇಬ್ಬರು ಪಶುವೈದ್ಯರು ಮುಖ್ಯರು. ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಅವರ 'ಗಿವ್ ಯುವರ್ ಡಾಗ್ ಎ ಬೋನ್' 1993ರಲ್ಲಿ ಪ್ರಕಟವಾಯಿತು. ಟಾಮ್ ಲಾನ್ಸ್‌ಡೇಲ್ ಅವರ 'ರಾ ಮೀಟಿ ಬೋನ್ಸ್' 2001ರಲ್ಲಿ ಬಂತು. ಇಬ್ಬರ ವಾದದ ತಿರುಳು ಹೀಗಿದೆ: ನಾಯಿ ತೋಳದ ವಂಶದ್ದು, ಬೇಟೆಯ ಹಸಿ ಮಾಂಸ ಮತ್ತು ಮೂಳೆಯೇ ಅದರ ಸಹಜ ಆಹಾರ, ಪೊಟ್ಟಣದಲ್ಲಿ ಬರುವ ಸಿದ್ಧ ಆಹಾರದಿಂದ ಹಲ್ಲು, ವಸಡು ಮೊದಲ್ಗೊಂಡು ಇಡೀ ದೇಹವೇ ಕೆಡುತ್ತದೆ, ಮಾಂಸ ಹತ್ತಿದ ಹಸಿ ಮೂಳೆ ಇದಕ್ಕೆ ಪರಿಹಾರ.

ಈ ಪುಸ್ತಕಗಳಿಂದ ಆದ ಒಳ್ಳೆಯದನ್ನು ಮೊದಲು ಹೇಳಬೇಕು. ನಾಯಿಗಳ ವಸಡಿನ ರೋಗ ಎಷ್ಟು ಸಾಮಾನ್ಯ, ಎಷ್ಟು ಕಡೆಗಣಿತ ಎಂಬುದರತ್ತ ಅವು ಜನರ ಗಮನ ಸೆಳೆದವು. ಸಿದ್ಧ ಆಹಾರವೇ ಶ್ರೇಷ್ಠ ಎಂಬ ನಂಬಿಕೆಯನ್ನು ಪ್ರಶ್ನಿಸಿದವು. ಪ್ರಶ್ನಿಸುವುದು ತಪ್ಪಲ್ಲ. ತೊಡಕಿರುವುದು ಅವು ಕೊಟ್ಟ ಉತ್ತರದಲ್ಲಿ. 'ಸಹಜ' ಎಂಬ ಪದ ಅಲ್ಲಿ ಪುರಾವೆಯ ಸ್ಥಾನದಲ್ಲಿ ಕುಳಿತಿದೆ.

ಮೂಳೆ ಎಂಬ ಮಿಶ್ರ ವಸ್ತು

ಬೆಂದ ಮೂಳೆಯ ಮೇಲಿನ ಆರೋಪ ಎಷ್ಟು ಸರಿ ಎಂದು ತಿಳಿಯಲು ಮೂಳೆಯ ರಚನೆಯನ್ನು ನೋಡಬೇಕು. ಮೂಳೆಯ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಖನಿಜ. ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಹೈಡ್ರಾಕ್ಸಿಅಪಟೈಟ್ ಇದರ ಮುಖ್ಯ ಭಾಗ. ಉಳಿದುದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು, ಸ್ವಲ್ಪ ನೀರು. ಖನಿಜ ಮೂಳೆಗೆ ಗಡಸುತನ ಕೊಡುತ್ತದೆ. ಕೊಲಾಜೆನ್ ಮತ್ತು ನೀರು ಬಾಗುವ ಗುಣ, ಅಂದರೆ ಚಿವುಟುತನ ಕೊಡುತ್ತವೆ. ಕಾಂಕ್ರೀಟಿನಲ್ಲಿ ಜಲ್ಲಿ-ಸಿಮೆಂಟು ಮತ್ತು ಕಬ್ಬಿಣದ ಸರಳು ಇದ್ದಂತೆ ಎಂದುಕೊಳ್ಳಿ. ಸರಳು ತೆಗೆದರೆ ಗಡಸುತನ ಉಳಿಯುತ್ತದೆ. ಆದರೆ ಪೆಟ್ಟು ಬಿದ್ದಾಗ ಬಿರಿಯುತ್ತದೆ.

ಶಾಖ ಮಾಡುವ ಕೆಲಸ ಇದೇ. ಬಿಸಿಯಾದಾಗ ಕೊಲಾಜೆನ್ ತನ್ನ ಸುರುಳಿ ಕಳೆದುಕೊಳ್ಳುತ್ತದೆ. ನೀರಿನಲ್ಲಿ ಬೇಯಿಸಿದರೆ ಜಿಲೆಟಿನ್ ಆಗಿ ಕರಗಿ ಹೊರಬರುತ್ತದೆ. ಕಾಲು ಸೂಪು ಆರಿದ ಮೇಲೆ ಲೋಳೆಯಾಗಿ ಗಟ್ಟಿಕಟ್ಟುವುದನ್ನು ನೀವು ನೋಡಿರಬಹುದು. ಅದು ಮೂಳೆ ಮತ್ತು ಸ್ನಾಯುರಜ್ಜುಗಳಿಂದ ಬಂದ ಜಿಲೆಟಿನ್. ಕೆಂಡದ ಮೇಲೆ ಸುಟ್ಟರೆ ಅಥವಾ ತಂದೂರಿನಲ್ಲಿಟ್ಟರೆ ನೀರೂ ಹೋಗುತ್ತದೆ. ಆಗ ಮೂಳೆ ಬಾಗುವ ಬದಲು ಚೂಪಾದ ಸಿಬಿರುಗಳಾಗಿ ಸೀಳುತ್ತದೆ. ಕೋಳಿಯ ಕಾಲು, ರೆಕ್ಕೆಗಳ ಮೂಳೆ ತೆಳುಗೋಡೆಯ ಕೊಳವೆ. ಇದು ಸೀಳಿದರೆ ಸೂಜಿಯಂತಾಗುತ್ತದೆ. ಬೆಂದ ಮೂಳೆಯ ಮೇಲಿನ ಎಚ್ಚರಿಕೆ ಆಧಾರವಿಲ್ಲದ್ದಲ್ಲ.

ಆದರೂ 'ಬೆಂದ' ಎಂಬುದು ಒಂದೇ ಸ್ಥಿತಿಯಲ್ಲ. ಸುಡುವುದು, ಕುದಿಸುವುದು, ಪ್ರೆಷರ್ ಕುಕ್ಕರಿನಲ್ಲಿ ಬೇಯಿಸುವುದು ಮೂಳೆಯನ್ನು ಬೇರೆ ಬೇರೆ ರೀತಿ ಬದಲಿಸುತ್ತವೆ. ಕುಕ್ಕರಿನ ಒಳಗೆ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ತಲಪುತ್ತದೆ. ಬಹಳ ಹೊತ್ತು ಹಾಗೆಯೇ ಇಟ್ಟರೆ ಕೋಳಿಯ ಮೂಳೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಮೆತ್ತಗಾಗುತ್ತದೆ. ಡಬ್ಬಿಯಲ್ಲಿ ಬರುವ ಮೀನಿನ ಮುಳ್ಳನ್ನು ನಾವು ಅಗಿದು ನುಂಗಬಲ್ಲೆವಾದರೆ ಅದಕ್ಕೂ ಕಾರಣ ಇದೇ. ನಮ್ಮ ಅಡುಗೆಯ ಮೂರು ನಾಲ್ಕು ವಿಷಲ್ಲು ಇದಕ್ಕೆ ಸಾಲದು.

'ಹಸಿ' ಎಂಬುದೂ ಒಂದೇ ಸ್ಥಿತಿಯಲ್ಲ. ಮಾಂಸದಂಗಡಿಯಿಂದ ತಂದ ಮೂಳೆ ಮೂರು ದಿನ ಹಿತ್ತಲಲ್ಲಿ ಬಿಸಿಲಿಗೆ ಬಿದ್ದಿದ್ದರೆ ಅದರ ತೇವ ಆರಿ ಅದೂ ಪೆಡಸಾಗುತ್ತದೆ. ಬೇಯಿಸಿಲ್ಲ ಎಂಬ ಕಾರಣಕ್ಕೆ ಅದು ತಾಜಾ ಆಗಿ ಉಳಿಯುವುದಿಲ್ಲ.

ಮಾಡಿ ನೋಡಿ

ತರಗತಿಯಲ್ಲಿ ಇದನ್ನು ಪರೀಕ್ಷಿಸಬಹುದು. ಒಂದೇ ಗಾತ್ರದ ನಾಲ್ಕು ಕೋಳಿ ಕಾಲಿನ ಮೂಳೆಗಳನ್ನು ಮಾಂಸ ಬಿಡಿಸಿ ತೆಗೆದುಕೊಳ್ಳಿ. ಒಂದನ್ನು ವಿನೆಗರ್‌ನಲ್ಲಿ ಮುಳುಗಿಸಿಡಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸುತ್ತ ಒಂದು ವಾರ ಬಿಡಿ. ಎರಡನೆಯದನ್ನು ಕೆಂಡದ ಮೇಲೆ ಸುಡಿ. ಮೂರನೆಯದನ್ನು ಅರ್ಧ ಗಂಟೆ ನೀರಿನಲ್ಲಿ ಕುದಿಸಿ. ನಾಲ್ಕನೆಯದನ್ನು ಹೋಲಿಕೆಗಾಗಿ ಫ್ರಿಜ್ಜಿನಲ್ಲಿ ಹಸಿಯಾಗಿಯೇ ಇಡಿ. ಆಮೇಲೆ ಕನ್ನಡಕ ಧರಿಸಿ, ಇಕ್ಕಳದಲ್ಲಿ ಹಿಡಿದು ಒಂದೊಂದನ್ನೂ ಬಾಗಿಸಿ.

ವಿನೆಗರ್‌ನಲ್ಲಿ ನೆನೆದದ್ದು ರಬ್ಬರಿನಂತೆ ಬಾಗುತ್ತದೆ. ಖನಿಜ ಹೋಗಿದೆ, ಕೊಲಾಜೆನ್ ಉಳಿದಿದೆ. ಸುಟ್ಟದ್ದು ಪಟ್ಟನೆ ಮುರಿಯುತ್ತದೆ. ಖನಿಜ ಉಳಿದಿದೆ, ಕೊಲಾಜೆನ್ ಹೋಗಿದೆ. ಕುದಿಸಿದ್ದು ಮತ್ತು ಹಸಿಯಾದದ್ದು ಮುರಿದ ಅಂಚುಗಳನ್ನು ಮಸೂರದಲ್ಲಿ ಹೋಲಿಸಿ. ಹಸಿ ಮೂಳೆಯ ಅಂಚು ಮೊಂಡಾಗಿಯೇ ಇದೆಯೇ ಎಂದು ವಿದ್ಯಾರ್ಥಿಗಳೇ ನೋಡಿ ಹೇಳಲಿ. ಹಸಿ ಮೂಳೆ ಮುಟ್ಟಿದ ಕೈಗಳನ್ನು ಸೋಪಿನಿಂದ ತೊಳೆಯಲು ಮರೆಯದಿರಿ. ಮುಗಿದ ಮೇಲೆ ನಾಲ್ಕನ್ನೂ ಹೂತುಬಿಡಿ. ಶಾಲೆಯ ಬಾಗಿಲಲ್ಲಿ ಕಾಯುವ ನಾಯಿಗೆ ಎಸೆಯಬೇಡಿ.

ಹಸಿ ಮೂಳೆ ತಪ್ಪಿಸದ ಅಪಾಯಗಳು

ಸಿಬಿರು ಮೂಳೆಯ ಹಲವು ಅಪಾಯಗಳಲ್ಲಿ ಒಂದು ಮಾತ್ರ. ಉಳಿದವುಗಳಲ್ಲಿ ಹಸಿ ಮೂಳೆ ಹೆಚ್ಚಿನ ರಕ್ಷಣೆ ಕೊಡುವುದಿಲ್ಲ. ಒಂದೊಂದಾಗಿ ನೋಡೋಣ.

ಮೊದಲನೆಯದು ಹಲ್ಲು. ವಯಸ್ಕ ನಾಯಿಗೆ 42 ಹಲ್ಲುಗಳಿವೆ. ದವಡೆ ಮೇಲೆ-ಕೆಳಗೆ ಕತ್ತರಿಯಂತೆ ಆಡುತ್ತದೆ. ಹಸುವಿನ ದವಡೆಯಂತೆ ಪಕ್ಕಕ್ಕೆ ಸರಿದು ಅರೆಯುವುದಿಲ್ಲ. ಮೂಳೆ ಕಡಿಯುವಾಗ ಪೂರ್ತಿ ಬಲ ಮೇಲ್ದವಡೆಯ ನಾಲ್ಕನೆಯ ಮುಂದವಡೆ ಹಲ್ಲಿನ ಮೇಲೆ ಬೀಳುತ್ತದೆ. ಎಮ್ಮೆ, ದನಗಳ ಕಾಲು ಮೂಳೆ ಆ ಪ್ರಾಣಿಯ ಭಾರ ಹೊರಲು ರೂಪುಗೊಂಡದ್ದು, ಬಹಳ ಗಡಸು. ಅಂಥ ಮೂಳೆಯ ಮೇಲೆ ಕಚ್ಚಿದಾಗ ಹಲ್ಲಿನ ಹೊರಪಾರ್ಶ್ವ ಚಕ್ಕೆಯಾಗಿ ಎದ್ದು, ಒಳಗಿನ ನರ ತೆರೆದುಕೊಳ್ಳಬಹುದು. ಸೋಂಕು ಬೇರಿಗಿಳಿದರೆ ಕಣ್ಣಿನ ಕೆಳಗೆ ಬಾವು ಕಾಣಿಸುತ್ತದೆ. ಇಲ್ಲಿ ವಿಚಿತ್ರವೊಂದಿದೆ: ನುಂಗಿ ಉಸಿರುಗಟ್ಟದಿರಲಿ ಎಂದು ಆರಿಸುವ ದೊಡ್ಡ ಮೂಳೆಯೇ ಹಲ್ಲಿಗೆ ಹೆಚ್ಚು ಅಪಾಯ. ಒಣ ಮೂಳೆ ಕಡಿಯುವ ನಾಯಿ ತನ್ನ ವಸಡಿನ ರಕ್ತವನ್ನೇ ಸವಿಯುತ್ತದೆ ಎಂಬ ಹಳೆಯ ಉಪಮೆ ನಮ್ಮಲ್ಲಿದೆ. ಮೂಳೆಯಿಂದ ಬಾಯಿಗೆ ಗಾಯವಾಗುತ್ತದೆ ಎಂಬುದನ್ನು ಹಿಂದಿನವರು ಕಂಡಿದ್ದರು.

ಎರಡನೆಯದು ಅಡಚಣೆ. 'ನಾಯಿಯ ಜಠರದ ಆಮ್ಲ ಎಂಥ ಮೂಳೆಯನ್ನೂ ಕರಗಿಸುತ್ತದೆ' ಎನ್ನುವವರಿದ್ದಾರೆ. ಸಣ್ಣ ತುಂಡುಗಳ ಮಟ್ಟಿಗೆ ಇದು ನಿಜವೇ. ಆದರೆ ಮೂಳೆ ಜಠರ ಸೇರುವ ಮೊದಲು ಅನ್ನನಾಳವನ್ನು ದಾಟಬೇಕು. ಅಲ್ಲಿ ಆಮ್ಲವಿಲ್ಲ. ಅನ್ನನಾಳ ಎದೆಗೂಡನ್ನು ಪ್ರವೇಶಿಸುವ ಜಾಗ, ಹೃದಯದ ಮೇಲ್ಭಾಗದ ಜಾಗ, ವಪೆಯ ಮುಂದಿನ ಜಾಗ, ಈ ಮೂರೂ ಕಡೆ ಅದು ಹಿಗ್ಗಲು ಎಡೆ ಕಡಿಮೆ. ನಾಯಿಗಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಮೂಳೆಯದೇ ಮೊದಲ ಸ್ಥಾನ. ಸಿಕ್ಕಿಕೊಂಡ ಮೂಳೆ ಒತ್ತಿದ ಕಡೆ ಗೋಡೆಗೆ ರಕ್ತ ಸಂಚಾರ ನಿಂತು, ಅಂಗಾಂಶ ಸತ್ತು, ರಂಧ್ರ ಬೀಳಬಹುದು. ಇಲ್ಲಿ ಲೆಕ್ಕಕ್ಕೆ ಬರುವುದು ಮೂಳೆಯ ಗಾತ್ರ, ಆಕಾರ ಮತ್ತು ನಾಯಿ ಗಬಗಬನೆ ನುಂಗುವ ಸ್ವಭಾವ. ಮೂಳೆ ಬೆಂದಿತ್ತೋ ಹಸಿಯೋ ಎಂಬುದು ಅನ್ನನಾಳಕ್ಕೆ ಗೊತ್ತಾಗುವುದಿಲ್ಲ.

ಮೂರನೆಯದು ಸೂಕ್ಷ್ಮಜೀವಿ. ಇದು ಹಸಿ ಮೂಳೆಯದೇ ಅಪಾಯ. ಬೆಂದ ಮೂಳೆಗೆ ಇದು ಬಹುಮಟ್ಟಿಗೆ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2010ರಿಂದ 2012ರವರೆಗೆ ನಡೆಸಿದ ಅಧ್ಯಯನದಲ್ಲಿ ಸಾಕುಪ್ರಾಣಿಗಳ ಹಸಿ ಆಹಾರದ 196 ಮಾದರಿಗಳನ್ನು ಪರೀಕ್ಷಿಸಲಾಯಿತು. 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಮಾನೊಸೈಟೊಜಿನಿಸ್ ಸಿಕ್ಕಿದವು. ನಾಯಿ ಕಾಯಿಲೆ ಬೀಳದೆಯೂ ಸಾಲ್ಮೊನೆಲ್ಲಾವನ್ನು ಮಲದಲ್ಲಿ ಹೊರಹಾಕಬಲ್ಲದು. ಮನೆಯ ಮಗು, ವೃದ್ಧರು, ಗರ್ಭಿಣಿಯರು ಅದಕ್ಕೆ ತುತ್ತಾಗಬಹುದು. ಫ್ರೀಜರಿನಲ್ಲಿಟ್ಟರೆ ಕೆಲವು ಪರೋಪಜೀವಿಗಳು ಸಾಯುತ್ತವೆ. ಸಾಲ್ಮೊನೆಲ್ಲಾ ಸಾಯುತ್ತದೆಂಬ ಭರವಸೆಯಿಲ್ಲ.

'ಹಸಿ ಕೋಳಿಯ ಕುತ್ತಿಗೆ ಮೆತ್ತಗಿರುತ್ತದೆ, ಅದಂತೂ ಸುರಕ್ಷಿತ' ಎಂಬ ಮಾತಿದೆ. ಸಿಬಿರಿನ ದೃಷ್ಟಿಯಿಂದ ಇದರಲ್ಲಿ ಹುರುಳಿರಬಹುದು. ಆದರೆ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ನಾಯಿಯ ನರಬೇರುಗಳಿಗೆ ಉರಿಯೂತ ಬಂದು ಹಿಂಗಾಲುಗಳಿಂದ ಮೊದಲಾಗಿ ಬಲ ಕುಂದುವ ಒಂದು ಪಾರ್ಶ್ವವಾಯು ಇದೆ. ಆ ರೋಗವಿದ್ದ 27 ನಾಯಿಗಳನ್ನು ರೋಗವಿಲ್ಲದ 47 ನಾಯಿಗಳೊಂದಿಗೆ ಅವರು ಹೋಲಿಸಿದರು. ರೋಗಕ್ಕೂ ಹಸಿ ಕೋಳಿ ಮಾಂಸ ತಿಂದದ್ದಕ್ಕೂ ಬಲವಾದ ಸಂಬಂಧ ಕಂಡಿತು. ಕೋಳಿಯಲ್ಲಿ ಸಾಮಾನ್ಯವಾಗಿರುವ ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಇದಕ್ಕೆ ಕಾರಣವಿರಬಹುದೆಂದು ಅವರು ಸೂಚಿಸಿದರು. ಇದು ಸಣ್ಣ ಅಧ್ಯಯನ, ಸಂಬಂಧವನ್ನು ತೋರಿಸುವಂಥದು. ಆದರೂ 'ಏನೂ ತೊಂದರೆಯಿಲ್ಲ' ಎಂಬ ಮಾತನ್ನು ನಿಲ್ಲಿಸಿ ಯೋಚಿಸಲು ಇಷ್ಟು ಸಾಕು.

ತೋಳ ಎಂಬ ಸಾಕ್ಷಿ

'ತೋಳ ಮೂಳೆ ತಿನ್ನುವುದಿಲ್ಲವೆ?' ಎಂಬುದು ಈ ಪಕ್ಷದ ದೊಡ್ಡ ಪ್ರಶ್ನೆ. ತಿನ್ನುತ್ತದೆ. ಅದರಿಂದ ಹಾನಿಯಾಗುವುದಿಲ್ಲ ಎಂದು ಹೇಳಿದವರು ಯಾರು? ಬ್ಲೇರ್ ವ್ಯಾನ್ ವಾಲ್ಕೆನ್‌ಬರ್ಗ್ ಎಂಬ ಜೀವವಿಜ್ಞಾನಿ ಕಾಡಿನ ದೊಡ್ಡ ಮಾಂಸಾಹಾರಿಗಳ ತಲೆಬುರುಡೆಗಳನ್ನು ಪರಿಶೀಲಿಸಿ 1988ರಲ್ಲಿ ಪ್ರಬಂಧ ಪ್ರಕಟಿಸಿದರು. ಬದುಕಿರುವಾಗಲೇ ಹಲ್ಲು ಮುರಿದುಕೊಂಡ ಪ್ರಾಣಿಗಳು ಅವುಗಳಲ್ಲಿ ಹತ್ತಿರ ಹತ್ತಿರ ಕಾಲುಭಾಗ. ಪ್ರಕೃತಿಯಲ್ಲಿ ನಡೆಯುವುದೆಲ್ಲ ನಿರಪಾಯವಲ್ಲ. ಹಸಿವಿನಿಂದ ಸಾಯುವುದಕ್ಕಿಂತ ಹಲ್ಲು ಮುರಿಯುವ ಅಪಾಯ ಲೇಸು ಎಂಬ ಲೆಕ್ಕ ತೋಳಕ್ಕಿದೆ. ದಿನವೂ ತಟ್ಟೆಗೆ ಊಟ ಬೀಳುವ ಮನೆಯ ನಾಯಿಗೆ ಆ ಲೆಕ್ಕ ಬೇಕಿಲ್ಲ.

ನಾಯಿ ಪೂರ್ತಿ ತೋಳವೂ ಅಲ್ಲ. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಸಾಮಾನ್ಯವಾಗಿ ಎರಡು ಪ್ರತಿ ಇದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು ಪ್ರತಿಗಳಿವೆ ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರ ತಂಡ ತೋರಿಸಿತು. ಮನುಷ್ಯನ ಅನ್ನ, ರೊಟ್ಟಿ, ಮುದ್ದೆಯ ಪಕ್ಕದಲ್ಲಿ ಬೆಳೆದ ಪ್ರಾಣಿಯದು.

ಇದೇ ತರ್ಕದ ಹಳ್ಳಿಯ ರೂಪವೂ ಇದೆ. 'ಊರಹಬ್ಬದ ಬಾಡೂಟದ ಮರುದಿನ ಎಂಜಲೆಲೆಯ ಗುಂಡಿಯಲ್ಲಿ ನಾಯಿಗಳು ಬೆಂದ ಮೂಳೆಯನ್ನೇ ತಿನ್ನುತ್ತವೆ, ಯಾವ ನಾಯಿ ಸತ್ತಿದೆ?' ನಮ್ಮ ಕಣ್ಣಿಗೆ ಬೀಳುವುದು ತಿಂದು ಬದುಕಿದ ನಾಯಿಗಳು. ಹೊಟ್ಟೆನೋವಿನಿಂದ ಬಣವೆಯ ಹಿಂದೆ ಹೋಗಿ ಸತ್ತ ನಾಯಿಯ ಮರಣೋತ್ತರ ಪರೀಕ್ಷೆಯನ್ನು ಯಾರು ಮಾಡುತ್ತಾರೆ? ಬದುಕುಳಿದವರನ್ನು ಮಾತ್ರ ಎಣಿಸಿ ಅಪಾಯದ ಲೆಕ್ಕ ಹಾಕುವುದು ಸಂಖ್ಯಾಶಾಸ್ತ್ರದ ಹಳೆಯ ತಪ್ಪು. ಜೊತೆಗೆ, ಸಾರಿನ ಮೂಳೆಗೆ ಈರುಳ್ಳಿ, ಬೆಳ್ಳುಳ್ಳಿ, ಜಿಡ್ಡು ಅಂಟಿರುತ್ತವೆ. ಈರುಳ್ಳಿ ಜಾತಿಯ ಗಡ್ಡೆಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ ಎಂಬುದೂ ನೆನಪಿರಲಿ.

ಲಾಭ ಇಲ್ಲವೆ?

ಇದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಬ್ರೆಜಿಲ್‌ನ ಸಂಶೋಧಕರು 2016ರಲ್ಲಿ ಎಂಟು ಬೀಗಲ್ ನಾಯಿಗಳಿಗೆ ದನದ ಹಸಿ ಮೂಳೆ ಕೊಟ್ಟ ಪ್ರಯೋಗವನ್ನು ಪ್ರಕಟಿಸಿದರು. ಮೂರು ವಾರದೊಳಗೆ ಹಲ್ಲಿನ ಮೇಲಿನ ಗಟ್ಟಿ ಕಿಟ್ಟದ ಹೆಚ್ಚಿನ ಭಾಗ ಹೋಗಿತ್ತು. ಹಲ್ಲು ಮುರಿದ ಪ್ರಸಂಗ ಕಾಣಲಿಲ್ಲ. ಆದರೆ ಎಂಟು ನಾಯಿ, ಮೂರು ವಾರ. ನೂರರಲ್ಲಿ ಒಂದು ನಾಯಿಗೆ ಆಗುವ ಹಾನಿ ಎಂಟು ನಾಯಿಗಳಲ್ಲಿ ಕಾಣದೇ ಇರುವುದೇ ಹೆಚ್ಚು ಸಂಭವ. ಲಾಭ ಬೇಗ, ಎಲ್ಲದರಲ್ಲೂ ಕಾಣುತ್ತದೆ. ಹಾನಿ ಅಪರೂಪ, ಆದರೆ ಗಂಭೀರ. ಒಂದನ್ನು ಅಳೆಯಲು ಸಣ್ಣ ಪ್ರಯೋಗ ಸಾಕು, ಇನ್ನೊಂದಕ್ಕೆ ಸಾಲದು.

ಕಿಟ್ಟ ಬೇರೆ, ವಸಡಿನ ರೋಗ ಬೇರೆ ಎಂಬುದನ್ನೂ ತಿಳಿಯಬೇಕು. ಆಫ್ರಿಕದ ಕಾಡುನಾಯಿಗಳ 29 ತಲೆಬುರುಡೆಗಳನ್ನು ಪರೀಕ್ಷಿಸಿದ 1999ರ ವರದಿಯಲ್ಲಿ ಕಿಟ್ಟ ಅಪರೂಪವಾಗಿತ್ತು; ಹಲ್ಲಿನ ಸುತ್ತಲಿನ ಮೂಳೆ ಸವೆಸುವ ರೋಗದ ಗುರುತು ಸುಮಾರು ಶೇಕಡ 41ರಲ್ಲಿ ಇತ್ತು. ಹಲ್ಲು ಬೆಳ್ಳಗೆ ಕಂಡಿತೆಂದು ಬುಡ ಗಟ್ಟಿಯಿದೆ ಎನ್ನುವಂತಿಲ್ಲ.

ಇನ್ನು ಕ್ಯಾಲ್ಸಿಯಂ. ಬರೀ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಮಾಂಸವನ್ನಷ್ಟೇ ತಿಂದು ಬೆಳೆದ ಮರಿಯ ಎಲುಬು ಟೊಳ್ಳಾಗುತ್ತದೆ. ಆ ಕೊರತೆಯನ್ನು ಮೂಳೆ ತುಂಬಬಲ್ಲದು. ಅತಿಯಾದರೆ ಅದೂ ಕೆಡುಕೇ. ನೆದರ್ಲೆಂಡ್ಸ್‌ನ ಹೇಜ್‌ವಿಂಕೆಲ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚು ಕ್ಯಾಲ್ಸಿಯಂ ತಿಂದ ಗ್ರೇಟ್ ಡೇನ್ ಮರಿಗಳ ಎಲುಬಿನ ಬೆಳವಣಿಗೆ ದಾರಿ ತಪ್ಪಿತು. ಮೂಳೆ ಹೆಚ್ಚು ತಿಂದ ನಾಯಿಯ ಮಲ ಸುಣ್ಣದ ಉಂಡೆಯಂತೆ ಬಿಳಿಚಿ, ಗಟ್ಟಿಯಾಗಿ, ಮಲಬದ್ಧತೆ ಉಂಟಾಗುತ್ತದೆ.

ಎದುರು ಪಕ್ಷದ ಲೋಪ

ಹಾಗೆಂದು ಮೂಳೆಯನ್ನು ಪೂರ್ತಿ ನಿಷೇಧಿಸುವವರ ಬರಹವೂ ದೋಷರಹಿತವಲ್ಲ. ಮೇಲೆ ಹೇಳಿದ ಅಮೆರಿಕದ ಸಂಸ್ಥೆ 2010ರಲ್ಲಿ ಮೂಳೆ ಏಕೆ ಬೇಡ ಎಂಬುದಕ್ಕೆ ಹತ್ತು ಕಾರಣಗಳ ಪಟ್ಟಿ ಕೊಟ್ಟಿತು. ಹಲ್ಲು ಮುರಿಯುವುದರಿಂದ ಉದರಪೊರೆಯ ಸೋಂಕಿನವರೆಗೆ ಎಲ್ಲವೂ ಅದರಲ್ಲಿವೆ. ಯಾವುದು ಸಾಮಾನ್ಯ, ಯಾವುದು ಅಪರೂಪ ಎಂಬ ವಿವೇಚನೆ ಇಲ್ಲ. 2017ರಲ್ಲಿ ಅದೇ ಸಂಸ್ಥೆ, ಅಂಗಡಿಯಲ್ಲಿ ಸಿಗುವ ಒಣಗಿಸಿದ, ಹೊಗೆಯಾಡಿಸಿದ, ಬೇಯಿಸಿದ ಮೂಳೆ ತಿನಿಸುಗಳ ಬಗ್ಗೆ ಎಚ್ಚರಿಸಿತು. ಸುಮಾರು ಏಳು ವರ್ಷಗಳಲ್ಲಿ ಬಂದ 68ರಷ್ಟು ದೂರುಗಳಲ್ಲಿ ಸುಮಾರು 90 ನಾಯಿಗಳಿಗೆ ತೊಂದರೆಯಾಗಿತ್ತು, 15ರಷ್ಟು ಸತ್ತಿದ್ದವು.

ಈ ಅಂಕಿಗಳು ಹೇಳುವುದು ಹಾನಿ ನಿಜ ಎಂಬುದನ್ನು. ಹಾನಿ ಎಷ್ಟು ಸಾಮಾನ್ಯ ಎಂಬುದನ್ನು ಹೇಳಲು ಎಷ್ಟು ನಾಯಿಗಳು ಅದನ್ನು ತಿಂದವು ಎಂಬ ಛೇದ ಬೇಕು, ಅದು ಇಲ್ಲ. ದೂರು ಕೊಡದವರ ಲೆಕ್ಕವೂ ಇಲ್ಲ. ಕಾರ್ಖಾನೆಯಲ್ಲಿ ಸಂಸ್ಕರಿಸಿದ ಮೂಳೆಯ ಅಂಕಿಯನ್ನು ಹಸಿ ಮೂಳೆಗೆ ಹಚ್ಚುವುದೂ ಸಲ್ಲದು. ಅಂಶ ಮಾತ್ರ ಇದ್ದು ಛೇದ ಇಲ್ಲದ ಭಿನ್ನರಾಶಿಗೆ ಬೆಲೆ ಕಟ್ಟಲಾಗದು ಎಂಬುದು ಶಾಲೆಯ ಗಣಿತ.

ಹಾಗಾದರೆ ಏನು ಮಾಡಬೇಕು?

'ಹಸಿಯೋ ಬೆಂದದ್ದೋ' ಎಂಬ ಪ್ರಶ್ನೆಯ ಬದಲು ಈ ಪ್ರಶ್ನೆಗಳನ್ನು ಕೇಳಿ. ಯಾವ ಪ್ರಾಣಿಯ, ಯಾವ ಭಾಗದ ಮೂಳೆ? ಎಷ್ಟು ಗಡಸು? ನಾಯಿಯ ಬಾಯಿಗಿಂತ ದೊಡ್ಡದೋ, ಒಂದೇ ತುತ್ತಿಗೆ ನುಂಗುವಷ್ಟು ಚಿಕ್ಕದೋ? ನಾಯಿ ಅಗಿಯುವ ಸ್ವಭಾವದ್ದೋ, ನುಂಗುವ ಸ್ವಭಾವದ್ದೋ? ಮನೆಯಲ್ಲಿ ಚಿಕ್ಕ ಮಕ್ಕಳು, ಕಾಯಿಲೆಯವರು ಇದ್ದಾರೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮೂಳೆಯಿಂದ ನಾವು ಬಯಸುವ ಲಾಭ ಬೇರೆ ದಾರಿಯಲ್ಲಿ ಸಿಗುತ್ತದೆಯೇ?

ಕೊನೆಯ ಪ್ರಶ್ನೆಗೆ ಉತ್ತರ ಹೌದು. ಹಲ್ಲಿನ ಶುಚಿಗೆ ನಾಯಿಗೆಂದೇ ಇರುವ ಪೇಸ್ಟಿನಿಂದ ಬ್ರಷ್ ಮಾಡಬಹುದು. ಕ್ಯಾಲ್ಸಿಯಂಗೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಮೂಳೆಪುಡಿ ಅಥವಾ ಮೊಟ್ಟೆಯ ಓಡಿನ ಪುಡಿ ಇದೆ. ರುಚಿಗೆ ಮೂಳೆ ಸೋಸಿ ತೆಗೆದ, ಉಪ್ಪು ಮಸಾಲೆ ಇಲ್ಲದ ತಿಳಿಸಾರಿದೆ. ಅಗಿಯುವ ಆಸೆಗೆ ಹೆಬ್ಬೆರಳಿನ ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆದುವಾದ ಆಟಿಕೆ ಸಾಕು. ಉಗುರಿನ ಗುರುತು ಬೀಳದ ವಸ್ತು ಹಲ್ಲಿಗೆ ಗಡಸಾಯಿತೆಂದೇ ತಿಳಿಯಿರಿ.

ಹೀಗಾಗಿ ನಮ್ಮ ತೀರ್ಮಾನ ಇಷ್ಟು. ಸುಟ್ಟ, ಹುರಿದ, ಕುದಿಸಿದ ಮೂಳೆ ಬೇಡ. ಕೋಳಿಯದಂತೂ ಬೇಡವೇ ಬೇಡ. ಹಸಿ ಮೂಳೆಯಲ್ಲಿ ಸಿಬಿರಿನ ಅಪಾಯ ಕಡಿಮೆ, ಆದರೆ ಅದು ಸುರಕ್ಷಿತವಲ್ಲ. ಕೊಡಲೇಬೇಕೆಂದರೆ ಬಾಯಿಗಿಂತ ದೊಡ್ಡದಾದ, ದನದ ಕಾಲಿನದಲ್ಲದ ತಾಜಾ ಮೂಳೆಯನ್ನು ಕಣ್ಣೆದುರೇ ಹತ್ತು ಹದಿನೈದು ನಿಮಿಷ ಕೊಟ್ಟು, ಚಿಕ್ಕದಾಗುವ ಮೊದಲೇ ಹಿಂತೆಗೆದು, ಜಾಗವನ್ನೂ ಕೈಯನ್ನೂ ತೊಳೆಯಿರಿ. ಮರಿಗಳಿಗೆ, ಚಪ್ಪಟೆ ಮೂತಿಯ ತಳಿಗಳಿಗೆ, ಗಬಗಬನೆ ನುಂಗುವ ನಾಯಿಗಳಿಗೆ ಇದೂ ಬೇಡ.

ಮೂಳೆ ತಿಂದ ಮೇಲೆ ನಾಯಿ ಜೊಲ್ಲು ಸುರಿಸುತ್ತಿದ್ದರೆ, ಮತ್ತೆ ಮತ್ತೆ ಓಕರಿಸಿದರೆ, ಮುಕ್ಕಿದರೂ ಮಲ ಬಾರದಿದ್ದರೆ, ಮಲ ಕಪ್ಪಾಗಿದ್ದರೆ, ಹೊಟ್ಟೆ ಮುಟ್ಟಿದಾಗ ನರಳಿದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ವಾಂತಿ ಮಾಡಿಸಲು ಹೋಗಬೇಡಿ. ಗಂಟಲಿನ ಆಳದಲ್ಲಿರುವುದನ್ನು ಎಳೆಯಬೇಡಿ. ಒಳಕ್ಕೆ ಹೋದದ್ದು ಹೊರಬರುವಾಗ ಇನ್ನೊಮ್ಮೆ ಸೀಳುತ್ತದೆ.

ಒಂದು ವಸ್ತುವಿನ ಅಪಾಯ ಸಾಬೀತಾದರೆ ಅದರ ವಿರುದ್ಧ ವಸ್ತುವಿನ ಸುರಕ್ಷತೆ ಸಾಬೀತಾದಂತಲ್ಲ. ನಾಯಿಯ ಮೂಳೆಗಷ್ಟೇ ಅನ್ವಯಿಸುವ ಮಾತಲ್ಲ ಇದು. 'ರಾಸಾಯನಿಕ ಕೆಟ್ಟದ್ದು, ಆದ್ದರಿಂದ ಸಹಜವಾದದ್ದು ಒಳ್ಳೆಯದು' ಎಂದು ಯಾರಾದರೂ ಹೇಳಿದಾಗಲೆಲ್ಲ ಎರಡನೆಯ ಅರ್ಧಕ್ಕೆ ಪುರಾವೆ ಎಲ್ಲಿದೆ ಎಂದು ಕೇಳಲು ನಿಮ್ಮ ವಿದ್ಯಾರ್ಥಿಗಳಿಗೆ ಕಲಿಸಿ.